ಎದುರು ಕಿಟಕಿಯ ಹಳದಿ ಲೈಟು

ಯಾರೋ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಾಗ ನಾನು ಸ್ಟೂಲ್ ಮೇಲಿದ್ದೆ. ಸಿಂಗಾಪುರದ ಸೆಂಬವಾಂಗ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ತಮಿಳು ಆಂಟಿಯ ಮನೆ ಅದು. ಕರೆಂಟ್ ಉಳಿಸುವ ಬಲ್ಬ್‌ಗಳನ್ನು ಬಡವರ ಮನೆಗಳಿಗೆ ಪುಕ್ಕಟೆ ಹಾಕಿಕೊಡುವ ಸ್ವಯಂಸೇವಕರು ನಾವು. ಅಡುಗೆಮನೆಯ ಹೊಸ ಬಲ್ಬ್ ಆಗಲೇ ಸಂಜೆಗತ್ತಲಲ್ಲಿ ಬೆಳ್ಳಗೆ ಉರಿಯುತ್ತಿತ್ತು, ಹಾಲ್‌ನದು ಬಾಕಿಯಿತ್ತು.

ಬಡಿತ ನಿಲ್ಲಲಿಲ್ಲ. ಆಂಟಿ ಹೆದರುತ್ತಲೇ ಚಿಲಕ ತೆಗೆದರು. ಹೊರಗೆ ಬರಿಗಾಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವರು ಎದುರು ಬ್ಲಾಕಿನ ಅಜ್ಜಿ. ಬೆಳಿಗ್ಗೆಯಷ್ಟೇ, ಬಲ್ಬೂ ಬೇಡ ಏನೂ ಬೇಡ ಎಂದು ನಮ್ಮ ಮುಖಕ್ಕೆ ಬಾಗಿಲು ಹಾಕಿದ್ದವರು. ಆಂಟಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದು ತಮಿಳಿನಲ್ಲಿ ಗದರಿದರು:

“ದಿನಾ ನಿನ್ನ ಅಡುಗೆಮನೆ ಕಿಟಕೀಲಿ ಹಳದಿ ಲೈಟ್ ನೋಡಿದ್ಮೇಲೇ ನಾನು ಊಟಕ್ಕೆ ಕೂರೋದು. ಇವತ್ತು ಬಿಳಿ ಲೈಟ್ ಕಾಣಿಸ್ತು. ನೀನು ಹೋಗ್ಬಿಟ್ಟೆ, ಮನೆ ಖಾಲಿ ಮಾಡೋಕೆ ಯಾರೋ ಬಂದಿದಾರೆ ಅನ್ಕೊಂಡೆ.”

ಆಂಟಿ ಸೆರಗಿನಿಂದ ಗೆಳತಿಯ ಹಣೆ ಒರೆಸಿದರು. ಉಸಿರು ಹದಕ್ಕೆ ಬಂದಮೇಲೆ ಅಜ್ಜಿ ನನ್ನತ್ತ ತಿರುಗಿ, “ನಮ್ಮನೇಗೂ ಇದೇ ಹಾಕು, ಈಗ್ಲೇ. ಇವಳು ಇಲ್ಲಿಂದ ನೋಡ್ಲಿ” ಎಂದರು.

ಆಮೇಲೆ ಯಾವ ಮನೆಗೆ ಹೋದರೂ, ಹಳೆಯ ಬಲ್ಬಿಗೆ ಕೈ ಹಾಕುವ ಮುಂಚೆ ಇದನ್ನು ಹೊರಗಿನಿಂದ ಯಾರಾದರೂ ನೋಡುತ್ತಿರುತ್ತಾರಾ ಎಂದು ಕೇಳುತ್ತೇನೆ. ಕೆಲವರು ಕಿಟಕಿಯತ್ತ ನೋಡಿ, ಯಾರೂ ಇಲ್ಲ, ಹಾಕಿಬಿಡು ಎನ್ನುತ್ತಾರೆ.