ಹೊಸಿಲಾಚೆಯ ಬೂಟುಗಳು

ಶಿಡ್ಲಘಟ್ಟದ ನಮ್ಮ ಸಮುದಾಯ ಕಾರ್ಯಾಗಾರದಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದ ಮೇಷ್ಟ್ರು ಸುರಕ್ಷತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಣ್ಣಿಗೆ ಕಪ್ಪು ಗ್ಲಾಸು, ಕೈಗೆ ಗ್ಲೌಸು ಇಲ್ಲದವರನ್ನು ಮಿಷಿನ್ ಹತ್ತಿರ ಸೇರಿಸುತ್ತಿರಲಿಲ್ಲ. ಬೂಟು ಹಾಕಿಕೊಂಡವರನ್ನೂ ಸೇರಿಸುತ್ತಿರಲಿಲ್ಲ.

"ಮಿಷಿನ್ ಅಂದ್ರೆ ಲಕ್ಷ್ಮಿ ಕಣಮ್ಮ, ಆಚೆ ಬಿಟ್ಟು ಬಾ" ಎನ್ನುತ್ತಿದ್ದರು. ಹೀಗಾಗಿ ಕಾಲಿನ ರಕ್ಷಣೆಗೆಂದೇ ತರಿಸಿದ್ದ ದಪ್ಪ ಬೂಟುಗಳೆಲ್ಲ 'ಬೂಟು ಕಡ್ಡಾಯ' ಎಂಬ ಬೋರ್ಡಿನ ಕೆಳಗೆ, ದೇವಸ್ಥಾನದ ಮುಂದೆ ಬಿಟ್ಟಂತೆ, ಸಾಲಾಗಿ ಕೂತಿರುತ್ತಿದ್ದವು.

ಒಂದು ದಿನ ನಾನು ರೇಷ್ಮೆಹುಳದ ತಟ್ಟೆಗಳಿಗೆ ಸ್ಟ್ಯಾಂಡ್ ಮಾಡುತ್ತಿದ್ದೆ. ಬೆಸುಗೆ ಹಾಕಿ ತೋರಿಸಲು ಮೇಷ್ಟ್ರು ಬಾಗಿದಾಗ ಕಾದ ಕಬ್ಬಿಣದ ಹನಿಯೊಂದು ಅವರ ಬರಿಗಾಲಿನ ಮೇಲೆ ಬಿತ್ತು. ಒಂಟಿಕಾಲಲ್ಲಿ ಕುಣಿಯುವಾಗ ಇನ್ನೊಂದು ಕಾಲು ಮಿಷಿನ್‌ಗೆ ತಾಗಿತು. ಅಷ್ಟು ಉರಿಯಲ್ಲೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಇನ್ನಾದ್ರೂ ಬೂಟ್ ಹಾಕ್ಕೊಳ್ಳಿ ಮೇಷ್ಟ್ರೇ" ಎಂದೆ.

ಮಾರನೆಯ ದಿನ ಬಾಗಿಲಾಚೆ ಒಂದು ಬೂಟೂ ಇರಲಿಲ್ಲ. ಎಲ್ಲವೂ ಒಳಗೆ, ಮಿಷಿನ್ ಪಕ್ಕದಲ್ಲಿ, ಮೂತಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದವು. ಕರ್ಪೂರ ಆರುವವರೆಗೂ ಕಾದು, ಮೇಷ್ಟ್ರು ಒಂದು ಜೊತೆ ಎತ್ತಿ ನನ್ನ ಮುಂದಿಟ್ಟರು.

"ಈಗ ಇವೂ ಆಯುಧವೇ ಕಣಮ್ಮ, ಹಾಕ್ಕೋ."

ನಾನು ಕೈಮುಗಿದು ಕಾಲು ತೂರಿಸಿದೆ.