ಅರವತ್ತೆರಡು ಡಿಗ್ರಿ

ಹೇಮಾವತಿಯ ಹಿನ್ನೀರಿನಲ್ಲಿ ಜನರನ್ನು ದಾಟಿಸುತ್ತಿದ್ದ ಒಂದು ಮೋಟಾರು ದೋಣಿಯಲ್ಲಿ ನಾನು ಮೂರು ವರ್ಷ ಮೆಕ್ಯಾನಿಕ್ ಆಗಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಮ್ಮದು ಹೊಳೆನರಸೀಪುರದಲ್ಲಿ ಪೂಜೆ, ಮೇಷ್ಟರಿಕೆ ಮಾಡಿಕೊಂಡು ಬಂದ ಮನೆ. ಹಾಸನದಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸು ಮುಗಿಸಿ, ಉಗುರಿನ ಸಂದಿಯಲ್ಲಿ ಗ್ರೀಸ್ ಇಟ್ಟುಕೊಂಡು ಮನೆಗೆ ಬಂದವನು ನಾನೊಬ್ಬನೇ. ಅಪ್ಪ ಏನೂ ಅನ್ನುತ್ತಿರಲಿಲ್ಲ. ನಾನು ಸೋಪು ಹಚ್ಚಿ ಕೈ ತೊಳೆದು ಮುಗಿಸುವವರೆಗೂ ಎಲೆಯ ಮುಂದೆ ಕೂರುತ್ತಿರಲಿಲ್ಲ, ಅಷ್ಟೆ.

ದೋಣಿ ಓಡಿಸುತ್ತಿದ್ದವರು ಕಟ್ಟಾಯ ಕಡೆಯ ಒಕ್ಕಲು ಮನೆತನದವರು, ಐವತ್ತು ದಾಟಿದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹಳೆಯ ಇಂಜಿನ್ ಇದ್ದಾಗ ಅವರು ಆಗಾಗ ಅದರ ಮೇಲೆ ಅಂಗೈ ಇಟ್ಟು ನೋಡಿ, "ಸರಿಗೈತೆ" ಎನ್ನುತ್ತಿದ್ದರು. ಇಲ್ಲವೇ, "ವಸಿ ಕಾದೈತೆ ಕಣ್ಲಾ, ನಿಧಾನುಕ್ಕೆ ಓಗಾನ" ಎನ್ನುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ.

ಆ ಇಂಜಿನ್ ಕೊನೆಗೂ ಕೈಕೊಟ್ಟಿತು. ದೋಣಿಯ ಮಾಲೀಕರು ಹೊಸದನ್ನು ಕೂರಿಸಿದರು. ಅದರ ಜೊತೆ ಅಂಗೈಯಗಲದ ಒಂದು ಡಿಜಿಟಲ್ ಪರದೆ ಬಂತು. ಇಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಅದು ಹಸಿರು ಅಂಕಿಯಲ್ಲಿ ತೋರಿಸುತ್ತಿತ್ತು. ಇಂಗ್ಲಿಷಿನ ಕೈಪಿಡಿಯನ್ನು ನನಗೆ ಕೊಟ್ಟ ಮಾಲೀಕರು, "ನೀನು ಓದಿದೋನು, ನೋಡ್ಕೊ" ಎಂದರು. ನಿಘಂಟು ಇಟ್ಟುಕೊಂಡು ಕೂತೆ. ಎಪ್ಪತ್ತೈದರಿಂದ ತೊಂಬತ್ತು ಇದ್ದರೆ ಕ್ಷೇಮ, ತೊಂಬತ್ತೈದು ದಾಟಿದರೆ ಕೂಗುತ್ತದೆ, ಆಗ ನಿಲ್ಲಿಸಬೇಕು. ಇಷ್ಟು ತಿಳಿಯಿತು. ಉಳಿದದ್ದು ಬೇಕಾದಾಗ ನೋಡಿದರಾಯಿತೆಂದು ಮಡಚಿಟ್ಟೆ.

ಅಣ್ಣ ಮೊದಮೊದಲು ಪರದೆಯನ್ನೂ ನೋಡಿ, ಕೈಯನ್ನೂ ಇಟ್ಟು ನೋಡುತ್ತಿದ್ದರು. ನಾನೇ ನಕ್ಕು, "ಸುಮ್ನೆ ಯಾಕೆ ಕೈ ಸುಟ್ಕೊಳ್ತೀರಣ್ಣಾ? ಅದೇ ಹೇಳುತ್ತಲ್ಲ" ಎಂದೆ. ಬರುಬರುತ್ತಾ ಅವರು ಕೈ ಇಡುವುದನ್ನು ಬಿಟ್ಟರು. "ಎಷ್ಟೈತೆ ನೋಡ್ಲಾ" ಎಂದು ನನ್ನನ್ನೇ ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಹತ್ತು ಹನ್ನೊಂದು ಜನರನ್ನು ಹತ್ತಿಸಿಕೊಂಡು ಹೊರಟಿದ್ದೆವು. ಹಾಲಿನ ಕ್ಯಾನುಗಳಿದ್ದವು, ಆಚೆ ದಡದ ಶಾಲೆಯ ಮೇಷ್ಟರೊಬ್ಬರಿದ್ದರು. ನಡುನೀರಿಗೆ ಬರುವಷ್ಟರಲ್ಲಿ ಪರದೆಯಲ್ಲಿ ಎಂಬತ್ತನಾಲ್ಕು ಇದ್ದದ್ದು ತೊಂಬತ್ತೊಂದಾಯಿತು, ತೊಂಬತ್ತೇಳಾಯಿತು. ಕೀರಲು ಸದ್ದು ಶುರುವಾಯಿತು. ಅಣ್ಣ ತಕ್ಷಣ ಇಂಜಿನ್ ನಿಲ್ಲಿಸಿದರು. ದೋಣಿ ಗಾಳಿಗೆ ಅಡ್ಡಡ್ಡ ಸರಿಯತೊಡಗಿತು.

ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ. ಅಂಕಿ ಇಳಿಯಿತು. ಎಂಬತ್ತು, ಎಪ್ಪತ್ತು, ಅರವತ್ತೆರಡು. ಅಷ್ಟು ದೊಡ್ಡ ಕಬ್ಬಿಣ ಅಷ್ಟು ಬೇಗ ಹೇಗೆ ತಣ್ಣಗಾದೀತು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೇಷ್ಟರು ಗಡಿಯಾರ ನೋಡಿಕೊಂಡು, "ಪರೀಕ್ಷೆ ಇದೆ ಕಣ್ರಪ್ಪ" ಎಂದರು.

ಅಣ್ಣ ನೀರು ತುಂಬಿಸಲೆಂದು ಇಂಜಿನ್ನಿನ ಮೇಲಿದ್ದ ನೀರಿನ ತೊಟ್ಟಿಯ ಮುಚ್ಚಳಕ್ಕೆ ಬಟ್ಟೆ ಸುತ್ತಿದರು. "ಎಷ್ಟೈತ್ಲಾ?"

"ಅರವತ್ತೆರಡು. ತಣ್ಣಗಾಗಿದೆ, ತೆಗೀರಿ ಅಣ್ಣಾ."

ಅವರು ಬಗ್ಗಿ ತಿರುಗಿಸಿದರು. ಮುಚ್ಚಳ ಹಾರಿತು. ಬಿಳಿ ಹಬೆ, ಅದರ ಹಿಂದೆಯೇ ಕುದಿಯುವ ನೀರು, ಎರಡೂ ಅವರ ಮುಖಕ್ಕೆ ಹೊಡೆದವು. ಅವರು ಕೂಗಿದ್ದು ಮನುಷ್ಯರ ದನಿಯಂತೆ ಇರಲಿಲ್ಲ. ನಾನು ಬಕೆಟ್ಟಿನಲ್ಲಿ ಹೊಳೆ ನೀರು ಮೊಗೆದು ಮೊಗೆದು ಸುರಿದೆ. ಹೆಂಗಸೊಬ್ಬರು ಒದ್ದೆ ಸೆರಗನ್ನು ಅವರ ಮುಖದ ಮೇಲೆ ಹಿಡಿದು ಕೂತರು. ಇದ್ದ ಎರಡು ಹುಟ್ಟುಗಳನ್ನು ಸರದಿಯಲ್ಲಿ ಹಾಕುತ್ತಾ ದಡ ಮುಟ್ಟಿದೆವು. ಅಷ್ಟು ಹೊತ್ತೂ ಪರದೆಯಲ್ಲಿ ಅರವತ್ತರ ಆಸುಪಾಸಿನ ಅಂಕಿ ಶಾಂತವಾಗಿ ಹೊಳೆಯುತ್ತಿತ್ತು.

ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಬೆಳಕು ಮತ್ತು ನೆರಳು ಮಾತ್ರ ಉಳಿದವು.

ಮರುದಿನ ಇಂಜಿನ್ ಬಿಚ್ಚಿದೆ. ಪಕ್ಕದ ಪೈಪೊಂದು ಸಣ್ಣಗೆ ಸೀಳಿಕೊಂಡು, ಇಂಜಿನ್ ತಂಪಾಗಿಡುವ ನೀರು ಬಹುಪಾಲು ಸೋರಿಹೋಗಿತ್ತು. ಬಿಸಿ ಅಳೆಯುವ ಸೆನ್ಸರ್ ಇದ್ದದ್ದು ಮೇಲುಗಡೆ. ನೀರು ಅದಕ್ಕಿಂತ ಕೆಳಗಿಳಿದಾಗ ಅದು ಖಾಲಿ ಜಾಗದ ಬಿಸಿಯನ್ನು ಹೇಳತೊಡಗಿತ್ತು. ತಳದಲ್ಲಿ ಉಳಿದ ನೀರು ಕುದಿಯುತ್ತಲೇ ಇತ್ತು. ಕೈಪಿಡಿ ತೆಗೆದೆ. ಏರಿದ ಅಂಕಿ ಥಟ್ಟನೆ ಇಳಿದರೆ ನಂಬಬೇಡಿ, ನೀರು ಖಾಲಿಯಾಗಿರಬಹುದು ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ನಾನು ಓದದೆ ಮಡಚಿಟ್ಟ ಪುಟಗಳಲ್ಲೇ ಅದಿತ್ತು.

ಮಾಲೀಕರು ಹೇಳಿಕೆ ಬರೆದುಕೊಡು ಎಂದರು. "ಮೀಟರು ಅರವತ್ತೆರಡು ತೋರಿಸುತ್ತಿತ್ತು. ಚಾಲಕರು ಮುಚ್ಚಳ ತೆಗೆದರು" ಎಂದು ಬರೆದೆ. ಎರಡೂ ನಿಜ. ನಡುವೆ ನಾನು ಆಡಿದ ಮಾತನ್ನು ಬರೆಯಲಿಲ್ಲ. ಚಾಲಕನ ಅಜಾಗರೂಕತೆ ಎಂದು ಮಾಲೀಕರು ತೀರ್ಮಾನಿಸಿದರು. ನನ್ನ ಕೆಲಸ ಉಳಿಯಿತು.

ಎರಡು ತಿಂಗಳ ಮೇಲೆ ಕಟ್ಟಾಯಕ್ಕೆ ಹೋದೆ. ಅಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿದ್ದರು. ಮುಖದ ಅರ್ಧ ಭಾಗ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದುಕೊಂಡಿತ್ತು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ಲೋಟ ಹಿಡಿದುಕೊಂಡೇ ಹೇಳಿಬಿಟ್ಟೆ.

"ತೆಗೀರಿ ಅಂತ ನಾನೇ ಅಂದದ್ದನ್ನ ಬರೆದುಕೊಡಲಿಲ್ಲ, ಅಣ್ಣಾ."

"ಗೊತ್ತು ಕಣ್ಲಾ. ಓನರ್ರು ಬಂದು ಓದಿ ಯೇಳುದ್ರು." ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. "ನೀನು ಬರುದ್ರೆ ಕಣ್ಣೇನು ಬತ್ತಿರ್ಲಿಲ್ಲ ಬುಡು. ಆದ್ರೆ ಇಷ್ಟು ವರ್ಷ ದೋಣಿ ನಡ್ಸಿ, ಕಾದಿರೋ ಇಂಜಿನ್ ಮುಚ್ಳ ತೆಗುದ್ನಲ್ಲ ದಡ್ಡ, ಅಂತಾವ್ರೆ ಊರ್ನಾಗೆ. ನೀನು ಬಾಯ್ಬುಟ್ಟು ಯೇಳಿದ್ರೆ ಅದೊಂದು ತಪ್ತಿತ್ತು."

ಮಾರನೆಯ ಬೆಳಿಗ್ಗೆ ದೋಣಿ ಹತ್ತುವ ಜಾಗದಲ್ಲಿ ಕಾಯುತ್ತಿದ್ದ ಜನರ ಎದುರು ನಿಂತು ನಡೆದದ್ದನ್ನು ಹೇಳಿದೆ. ಯಾರೂ ಬೈಯಲಿಲ್ಲ. ಮೇಷ್ಟರು ನೆಲ ನೋಡುತ್ತಾ, "ನಾನೂ ಕೇಳಿಸ್ಕೊಂಡಿದ್ದೆ" ಎಂದರು. ಅಂದೇ ಮಾಲೀಕರಿಗೆ ಎರಡನೆಯ ಹೇಳಿಕೆ ಬರೆದುಕೊಟ್ಟೆ. ಅವರು ಅದನ್ನು ಡ್ರಾಯರಿಗೆ ಹಾಕಿ, ನಾಳೆಯಿಂದ ಬರಬೇಡ ಎಂದರು. ಅಣ್ಣನದೇ ತಪ್ಪೆಂಬ ತೀರ್ಮಾನವನ್ನು ಬದಲಿಸಲಿಲ್ಲ.

ನಾನು ಚನ್ನರಾಯಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಸೇರಿಕೊಂಡೆ. ಮುಂದಿನ ವರ್ಷ ಮತ್ತೆ ಕಟ್ಟಾಯಕ್ಕೆ ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಮಲ್ಗವ್ರೆ ಕಣಪ್ಪ" ಎಂದರು. ಒಳಗೆ ಅಣ್ಣ ಯಾರೊಂದಿಗೋ ಜೋಳದ ಬೆಳೆಯ ವಿಚಾರ ಮಾತಾಡುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆಕೆಗೂ ಕೇಳುತ್ತಿತ್ತು. ಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟು ಬಸ್ಸಿನ ಕಡೆ ನಡೆದೆ.