ಟೂಸಾನ್ ಇಷ್ಟವಾಗುವಷ್ಟರಲ್ಲಿ

ನೂವಾರ್ಕ್‌ನಿಂದ ನಮ್ಮ ವಿಮಾನ ಮೇಲೆದ್ದಾಗ ರನ್‌ವೇಯ ಪಕ್ಕ ಕಪ್ಪುಗಟ್ಟಿದ ಹಿಮದ ಗುಡ್ಡೆಗಳು ಇನ್ನೂ ಕರಗಿರಲಿಲ್ಲ. ಫೆಬ್ರವರಿಯ ಕೊನೆ. ಪಕ್ಕದ ಸೀಟಿನಲ್ಲಿ ವಿಮಲಾ ಕೈಗವಸು ಕೂಡ ತೆಗೆಯದೆ ಕುಳಿತಿದ್ದಳು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳದು ನನ್ನ ಎದುರು ಬಾಗಿಲು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಸಂಧಿವಾತ ಬೇರೆ. ಚಳಿ ಶುರುವಾಯಿತೆಂದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಸಲು ನನ್ನ ಬಾಗಿಲು ತಟ್ಟುತ್ತಾಳೆ.

ಅರಿಜೋನಾದ ಟೂಸಾನ್ ನಗರದಲ್ಲಿ ಅವಳ ತಂಗಿ ಸುಧಾ ಇದ್ದಾಳೆ. ಸುಧಾಳ ಪಕ್ಕದ ಮನೆ ಮಾರಾಟಕ್ಕೆ ಬಂದಿತ್ತು. ಒಣ ಬಿಸಿಲಿನಲ್ಲಿ ಅಕ್ಕನ ಕೈ ಸರಿಹೋದೀತೆಂದು ಅವಳು ತಿಂಗಳಿಂದ ಫೋನಿನಲ್ಲಿ ದುಂಬಾಲು ಬಿದ್ದಿದ್ದಳು. ವಿಮಲಾ ನನಗೆ ಹೇಳಿದ್ದಿಷ್ಟು: “ನೀನೂ ಬಾ ಪದ್ಮಾ. ನೀ ನೋಡಿ ಹೂಂ ಅಂದ್ರ ತಗೋತೀನಿ.”

ಆಫೀಸಿಗೆ ರಜೆ ಹಾಕಿದೆ. ಹೋಗಿಬರುವ ಟಿಕೆಟ್ಟಿಗೆ ನಾಲ್ಕುನೂರು ಡಾಲರಿನ ಹತ್ತಿರ ಬಿತ್ತು. ಆದರೆ ನಾನು ಹೊರಟದ್ದು ಊರು ನೋಡುವುದಕ್ಕಲ್ಲ, ಆ ಊರಿನಲ್ಲಿ ಹುಳುಕು ಹುಡುಕುವುದಕ್ಕೆ. ಇವಳು ಹೋಗಿಬಿಟ್ಟರೆ ಸಂಜೆ ಕಾಫಿಗೆ ನನ್ನ ಮನೆಗೆ ಯಾರು ಬರುತ್ತಾರೆ? ಯಾರ ಜೊತೆ ಜಗಳವಾಡಲಿ?

ಐದೂವರೆ ಗಂಟೆ ಹಾರಿ ಫೀನಿಕ್ಸಿನಲ್ಲಿ ಇಳಿದೆವು. ಬಾಡಿಗೆ ಕಾರು ತೆಗೆದುಕೊಂಡು ಊರು ಸುತ್ತಿದರೆ ಎಲ್ಲ ರಸ್ತೆಯೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಮನೆಗಳೆಲ್ಲ ಮಣ್ಣಿನ ಬಣ್ಣ. ಅಂಗಳದಲ್ಲಿ ಹುಲ್ಲಿಲ್ಲ, ಜಲ್ಲಿ ಸುರಿದಿದ್ದಾರೆ. ಉದ್ದನೆಯ ಸೇತುವೆಯೊಂದನ್ನು ದಾಟುವಾಗ ಕೆಳಗೆ ಬಗ್ಗಿ ನೋಡಿದೆ. ಬರೀ ಕಲ್ಲು, ಮರಳು.

“ನೀರಿಲ್ಲದ ನದಿಗೆ ಇಷ್ಟು ದೊಡ್ಡ ಸೇತುವೆ! ಇವರಿಗೇನು ತಲೆ ಕೆಟ್ಟಿದೆಯೇನೇ?” ಎಂದೆ.

“ಮಳಿಗಾಲದಾಗ ನೀರು ಬರತದಂತ,” ಎಂದಳು ವಿಮಲಾ. ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು.

ಅಲ್ಲಿಂದ ಟೂಸಾನಿಗೆ ಹೆದ್ದಾರಿಯಲ್ಲಿ ಎರಡು ಗಂಟೆಯ ಡ್ರೈವ್. ಧೂಳು ಎದ್ದರೆ ಕಾರು ಬದಿಗೆ ನಿಲ್ಲಿಸಿ ಎಂಬ ಫಲಕಗಳು ದಾರಿಯುದ್ದಕ್ಕೂ ಇದ್ದವು. ನಾನು ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದೆ. ಪಾಪಾಸುಕಳ್ಳಿ ಕಂಡಾಗಲೆಲ್ಲ, “ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮೂರಲ್ಲಿ ಬೇಲಿ ತುಂಬ ಇರ್ತಿತ್ತು,” ಎಂದೆ. ವಿಮಲಾ ನಕ್ಕಳು. ಅವಳು ನಕ್ಕಷ್ಟೂ ನನಗೆ ಹುರುಪು.

ಸುಧಾ ಗೇಟಿನಲ್ಲೇ ನಿಂತಿದ್ದಳು. “ಬರ್ರಿ ಪದ್ಮಾ ಅಕ್ಕಾರ, ನಿಮ್ಮ ಸುದ್ದಿ ಕೇಳಿ ಕೇಳಿ ಸಾಕಾಗಿತ್ತು,” ಎಂದು ನನ್ನ ಸೂಟ್‌ಕೇಸ್ ಎಳೆದುಕೊಂಡು ಹೋದಳು. ಎರಡನೇ ದಿನ ಪಕ್ಕದ ಮನೆ ತೋರಿಸಿದಳು. ಎರಡು ಬೆಡ್‌ರೂಮು, ಹತ್ತಲು ಮೆಟ್ಟಿಲಿಲ್ಲ, ಅಡುಗೆಮನೆಗೆ ಬೆಳಗಿನ ಬಿಸಿಲು. ಹಿತ್ತಿಲಲ್ಲಿ ಹಣ್ಣು ತುಂಬಿದ ನಿಂಬೆಗಿಡ. ನಾನು ನಲ್ಲಿ ತಿರುಗಿಸಿ ನೀರು ನೋಡಿದೆ, ಗೋಡೆ ಬಡಿದು ನೋಡಿದೆ, ಚೇಳು ಬರುತ್ತವಾ ಎಂದು ಕೇಳಿದೆ.

“ಬರತಾವ್ರಿ,” ಎಂದಳು ಸುಧಾ, ಮುಚ್ಚುಮರೆಯಿಲ್ಲದೆ. “ವರ್ಷಕ್ಕ ಒಂದೋ ಎರಡೋ.”

“ಕೇಳಿಸ್ಕೊಂಡ್ಯಾ?” ಎಂದು ವಿಮಲಾಳ ಕಡೆ ತಿರುಗಿದೆ. ಅವಳು ನಿಂಬೆಗಿಡದ ಹತ್ತಿರ ನಿಂತು ಹಣ್ಣು ಕೀಳುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ಜೋಳದ ರೊಟ್ಟಿಯನ್ನು ಅಂಗೈಯಿಂದ ತಟ್ಟುವ ಆ ಸದ್ದನ್ನು ಮೈಸೂರಿನ ಕಡೆಯ ನಾನು ಮೊದಲು ಕೇಳಿದ್ದೇ ವಿಮಲಾಳ ಮನೆಯಲ್ಲಿ. ಅವಳ ಕೈ ಸೋತ ಮೇಲೆ ಅಲ್ಲಿ ಅದು ನಿಂತೇ ಹೋಗಿತ್ತು. ಸುಧಾ ಬಡಿಯುತ್ತಿದ್ದಾಳೆ ಅಂದುಕೊಂಡು ಅಡುಗೆಮನೆಗೆ ಹೋದರೆ, ಸುಧಾ ಒಲೆಯ ಮುಂದೆ ಬೇಯಿಸುತ್ತಿದ್ದಳು. ಬಡಿಯುತ್ತಿದ್ದವಳು ವಿಮಲಾ. ಮೊಣಕೈವರೆಗೂ ಹಿಟ್ಟು. ರೊಟ್ಟಿ ಅವಳ ಅಂಗೈಯಡಿ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು.

“ಹೆಂಗಾಗ್ಯಾವ ನೋಡು,” ಎಂದು ಬಿಸಿರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟಳು. ಮುಖ ಮದುವಣಗಿತ್ತಿಯ ಹಾಗೆ ಅರಳಿತ್ತು. ಸುಧಾ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಚೆನ್ನಾಗಿದೆ ಕಣೇ, ಎಂದೆ. ರೊಟ್ಟಿಯ ಬಗ್ಗೆ ಮಾತ್ರ.

ಆ ಸಂಜೆ ಊರಾಚೆಯ ಮರುಭೂಮಿ ಉದ್ಯಾನಕ್ಕೆ ಹೋದೆವು. ಕಾರೊಂದಕ್ಕೆ ಇಪ್ಪತ್ತೈದು ಡಾಲರ್ ಪ್ರವೇಶ. ಗುಡ್ಡದ ತುಂಬ ಸವಾರೋ ಎಂಬ ಕಳ್ಳಿ, ಎರಡಾಳು ಮೂರಾಳೆತ್ತರ. ಅದಕ್ಕೆ ಒಂದು ತೋಳು ಮೂಡಲು ಎಪ್ಪತ್ತು ಎಂಬತ್ತು ವರ್ಷ ಬೇಕಂತೆ. ಕೊಂಕು ತೆಗೆಯಲು ಬಾಯಿ ತೆರೆದವಳು ಸುಮ್ಮನಾದೆ. ಬಿಸಿಲು ಇಳಿಯುತ್ತಿತ್ತು, ಬೆಟ್ಟ ಕೆಂಪಾಗಿ ಆಮೇಲೆ ನೇರಳೆಗೆ ತಿರುಗಿತು. ಎಷ್ಟು ದೂರದವರೆಗೆ ಕಾಣುತ್ತದೆ ಆ ಊರಿನಲ್ಲಿ! ನ್ಯೂಜೆರ್ಸಿಯಲ್ಲಿ ನನ್ನ ಕಣ್ಣು ಪಾರ್ಕಿಂಗ್ ಲಾಟಿನಾಚೆ ಹೋಗುವುದಿಲ್ಲ. ವಿಮಲಾ ಕಲ್ಲು ಹಾದಿಯಲ್ಲಿ ಯಾರ ಕೈಯನ್ನೂ ಹಿಡಿಯದೆ ಮುಂದೆ ನಡೆಯುತ್ತಿದ್ದಳು. ಸತ್ಯ ಹೇಳಬೇಕೆಂದರೆ ನನಗೆ ಆ ಊರು ಇಷ್ಟವಾಗಿಹೋಯಿತು, ತುಂಬ. ಮನೆಗೆ ಹೋದ ಕೂಡಲೇ ಹೇಳಿಬಿಡೋಣ ಎಂದುಕೊಂಡೆ.

ಊಟಕ್ಕೆ ಕುಳಿತಾಗ ಸುಧಾ ತಾನೇ ಮಾತು ತೆಗೆದಳು. “ಬಾಜೂ ಮನಿಯವ್ರು ನಾಳೆ ಮುಂಜಾನಿ ಉತ್ತರ ಹೇಳ್ರಿ ಅಂದಾರ. ಇನ್ನೊಬ್ಬರು ಕಾಯಾಕತ್ತಾರ. ಏನ್ ಮಾಡತೀ ಅಕ್ಕಾ?”

ವಿಮಲಾ ನನ್ನ ಮುಖ ನೋಡಿದಳು.

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಆದರೆ ನನ್ನ ಕಣ್ಣಿಗೆ ಬಂದದ್ದು ನಮ್ಮ ಎದುರು ಬಾಗಿಲು, ಅದರಲ್ಲಿ ಯಾರೋ ಗುರುತಿಲ್ಲದವರು. “ಬೇಸಿಗೇಲಿ ಒಂದ್ಸಲ ಬಂದು ನೋಡೋದು ವಾಸಿ. ನೂರಹತ್ತು ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ ಹುಡುಗಾಟ ಅಲ್ಲ. ಅವಸರ ಯಾಕೆ?” ಎಂದುಬಿಟ್ಟೆ. ಹಾಳು ನಾಲಗೆ.

ವಿಮಲಾ ತಟ್ಟೆಯಲ್ಲಿ ಅನ್ನ ಕಲೆಸಿದಳು. “ಪದ್ಮಾ ಹೇಳೂದು ಖರೇನ ಅದ,” ಎಂದಳು ಆಮೇಲೆ. “ಬಿಟ್ಟುಬಿಡು ಸುಧಾ.”

ಮರುದಿನ ಬೆಳಿಗ್ಗೆ ಸುಧಾ ಬುತ್ತಿ ಕಟ್ಟಿಕೊಟ್ಟಳು, ಹೋಗಿ ಬರ್ರಿ ಎಂದಳು. ಅಕ್ಕಾರ ಅನ್ನಲಿಲ್ಲ. ಫೀನಿಕ್ಸಿನ ವಿಮಾನ ನಿಲ್ದಾಣದಲ್ಲಿ ನಾವು ಕಾಯುತ್ತಿರುವಾಗ ವಿಮಲಾಳಿಗೆ ಸುಧಾಳ ಮೆಸೇಜು ಬಂತು: ಮನೆ ಆ ಇನ್ನೊಬ್ಬರಿಗೆ ಹೋಯಿತು. ವಿಮಲಾ ಅದನ್ನು ನನಗೂ ತೋರಿಸಿ ಫೋನು ಒಳಗಿಟ್ಟಳು. ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಕುಳಿತಳು, ಮೋಡದ ಮೇಲೆ ನೋಡುವುದಕ್ಕೆ ಏನೂ ಇರದಿದ್ದರೂ.

ನೂವಾರ್ಕ್‌ನಲ್ಲಿ ಇಳಿದಾಗ ಸಂಜೆಯಾಗಿತ್ತು. ಹಿಮವೂ ಅಲ್ಲದ ಮಳೆಯೂ ಅಲ್ಲದ ಪಿಚಪಿಚ. ಮೂಳೆಗಿಳಿಯುವ ಥಂಡಿ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟ್ರಾಫಿಕ್ಕು ಆಮೆ ವೇಗದಲ್ಲಿತ್ತು. ನಾನು ಹೀಟರ್ ಜಾಸ್ತಿ ಮಾಡುತ್ತ ಏನೇನೋ ಹರಟಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು.

ಪ್ಲೇನ್ಸ್‌ಬರೋ ತಲುಪಿ ನಮ್ಮ ಕಟ್ಟಡದ ಮುಂದೆ ಕಾರು ನಿಲ್ಲಿಸಿದೆ. ಎಂಜಿನ್ ಆರಿಸಿದ ಮೇಲೆ ಸುಮ್ಮನಿರಲು ಆಗಲಿಲ್ಲ.

“ವಿಮಲಾ, ಆ ಊರು ಚೆನ್ನಾಗಿತ್ತು ಕಣೇ. ಆ ಮನೇನೂ. ನನಗೆ ನೀನು ಬೇಕಿತ್ತು, ಅದಕ್ಕೇ ಹಾಗಂದೆ.”

ಅವಳು ನನ್ನ ಕಡೆ ತಿರುಗಲಿಲ್ಲ. “ಗೊತ್ತಿತ್ತಲ್ಲ,” ಎಂದಳು. “ಆದ್ರ ಒಂದ್ಸಲನರ ನೀ ‘ಹೋಗು’ ಅಂತಿ ಅಂದ್ಕೊಂಡಿದ್ದೆ.”

ಬೆಲ್ಟ್ ಬಿಚ್ಚಿಕೊಂಡು ಬಾಗಿಲಿನ ಹಿಡಿಕೆ ಎಳೆದಳು. ಬೆರಳು ಮಡಚಲಿಲ್ಲ. ಇನ್ನೊಂದು ಕೈ ಸೇರಿಸಿ ಎಳೆದಳು. ನಾನು ಮಳೆಯಲ್ಲಿ ಇಳಿದು ಕಾರಿನ ಸುತ್ತ ಬಂದು, ಅವಳ ಬಾಗಿಲನ್ನು ಹೊರಗಿನಿಂದ ತೆಗೆದೆ.